ಸ್ಕೂಲಿಗೆ ಸೇರುವವರೆಗೆ

ಇವತ್ತು ಬೆಳಿಗ್ಗೆ ಚನ್ನಪಟ್ಟಣದ ಪೇಟೆಗೆ ಹೋಗಿದ್ದೆ. ಹೋಗಿದ್ದು ದೀಪದ ಎಣ್ಣೆಗೆ ಮತ್ತು ನಮ್ಮ ಯಜಮಾನರ ಮಂಡಿನೋವಿನ ಮುಲಾಮಿಗೆ. ಎರಡೂ ಬೇಗ ಸಿಕ್ಕವು, ಹೊಂಗನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೈಯಲ್ಲಿ ಹೊತ್ತು ಮಿಕ್ಕಿರುವ ಹೆಂಗಸು ಪೇಟೆಯಲ್ಲಿ ಏನು ಮಾಡುತ್ತಾಳೆ, ನಿಮಗೆ ಗೊತ್ತೇ ಇದೆ. ತಾನು ಕೊಳ್ಳದ ಸಾಮಾನಿನ ಅಂಗಡಿಗಳ ಮುಂದೆಲ್ಲ ನಿಲ್ಲುತ್ತಾಳೆ. ಹಾಗೆ ನಿಂತ ಒಂದು ಅಂಗಡಿಯ ಬಾಗಿಲಿಗೆ ಸ್ಕೂಲು ಬ್ಯಾಗುಗಳನ್ನೂ ಮಕ್ಕಳ ರೈನ್‌ಕೋಟುಗಳನ್ನೂ ತೋರಣದ ಹಾಗೆ ಇಳಿಬಿಟ್ಟಿದ್ದರು. ಹೊಸ ರೈನ್‌ಕೋಟಿಗೆ ಒಂದು ವಾಸನೆ ಇರುತ್ತದಲ್ಲ, ಪ್ಲಾಸ್ಟಿಕ್ಕಿನ ಒಗರಿಗೆ ಒಂದಿಷ್ಟು ಪೌಡರ್ ಬೆರೆಸಿದ ಹಾಗೆ, ಅದು ಮೂಗಿಗೆ ಬಿದ್ದದ್ದೇ ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ.

ಅಂಗಡಿಯವರು, ಮೊಮ್ಮಗುವಿಗಾ ಅಮ್ಮ, ಯಾವ ಕ್ಲಾಸು ಎಂದು ಕೇಳಿದರು. ಹ್ಞೂ, ಇವತ್ತೇ ಮೊದಲನೇ ದಿನ ಎಂದುಬಿಟ್ಟೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇವತ್ತು ಮಾಗಡಿಯಲ್ಲಿ ಚೈತ್ರಳ ಮಗಳು ಸಿರಿ ಸ್ಕೂಲಿಗೆ ಸೇರುತ್ತಿದ್ದಾಳೆ. ಚೈತ್ರ ನನ್ನ ಮೈದುನನ ಮಗಳು. ಹಾಗಾದರೆ ಸಿರಿ ನನಗೆ ಏನಾಗಬೇಕು ಎಂದು ವ್ಯಾಪಾರದ ಹೊತ್ತಿನಲ್ಲಿ ಅಂಗಡಿಯವರಿಗೆ ಬಿಡಿಸಿ ಹೇಳುತ್ತಾ ನಿಲ್ಲುವುದಕ್ಕೆ ಆಗುತ್ತದೆಯೇ. ಹಳದಿ ಬಣ್ಣದ್ದು ಇದೆಯಾ ಎಂದು ಕೇಳಿದೆ. ಅವರು ಕೋಲು ಹಿಡಿದು ಮೇಲಿನದನ್ನು ಇಳಿಸುವಷ್ಟರಲ್ಲಿ ಬೇಡ ಬಿಡಿ ಎಂದು ಹೊರಟುಬಂದೆ. ಪಾಪ, ಬೆಳಗಿನ ಬೋಣಿಯನ್ನು ಕೆಡಿಸಿದ್ದಕ್ಕೆ ಅವರು ನನ್ನನ್ನು ಏನಂದುಕೊಂಡರೋ. ಬಸ್ಸಿನಲ್ಲಿ ಕೂತರೂ ವಾಸನೆ ಬಿಡಲಿಲ್ಲ, ಮನೆಗೆ ಬಂದು ಕೈಕಾಲು ತೊಳೆದರೂ ಬಿಡಲಿಲ್ಲ. ಬಿಡದಿದ್ದ ಮೇಲೆ ಹೇಳಿಯೇ ಬಿಡುತ್ತೇನೆ, ಕೇಳಿ.

ಚೈತ್ರ ನಮ್ಮ ಮನೆಗೆ ಬಂದಾಗ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ನನಗೆ ಮದುವೆಯಾಗಿ ಆಗಲೇ ಬಹಳ ವರ್ಷಗಳಾಗಿದ್ದವು, ಮಡಿಲು ತುಂಬಿರಲಿಲ್ಲ. ನಮಗೆ ದೊಡ್ಡಮಳೂರು ದೂರವಲ್ಲ. ಅಲ್ಲಿ ಅಪ್ರಮೇಯಸ್ವಾಮಿಯ ಗುಡಿಯಲ್ಲೇ ಅಂಬೆಗಾಲಿಡುವ ಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆ ಮುದ್ದೆ. ಮಕ್ಕಳಾಗದವರು ಅವನಿಗೆ ಬೆಣ್ಣೆ ನೈವೇದ್ಯ ಮಾಡಿಸಿ ಬೇಡಿಕೊಳ್ಳುತ್ತಾರೆ, ಮಗುವಾದರೆ ತೊಟ್ಟಿಲು ತಂದು ಒಪ್ಪಿಸುತ್ತಾರೆ. ನಮ್ಮತ್ತೆ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಸಲವಲ್ಲ, ಎರಡು ಸಲವಲ್ಲ. ನೀನು ಕೊಟ್ಟ ಬೆಣ್ಣೆಗೆ ಆ ಕೃಷ್ಣ ಒಂದು ಸುತ್ತು ದಪ್ಪಗಾಗಿರಬೇಕು ಎಂದು ಯಜಮಾನರು ತಮಾಷೆ ಮಾಡುವರು. ನಗಿಸುವುದಕ್ಕೆ ಹೇಳುತ್ತಿದ್ದರು, ನಾನೂ ನಗುತ್ತಿದ್ದೆ. ನಕ್ಕು ಅಡುಗೆಮನೆಗೆ ಹೋಗುತ್ತಿದ್ದೆ.

ಆ ಕಾಲಕ್ಕೆ ಮೈದುನ ಮತ್ತು ಅವನ ಹೆಂಡತಿ ಸುನಂದ ಹಾರೋಹಳ್ಳಿಗೆ ಹೋಗಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಇಬ್ಬರಿಗೂ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬೇರೆ ಬೇರೆ ಫ್ಯಾಕ್ಟರಿಯಲ್ಲಿ ಕೆಲಸ, ಒಬ್ಬರು ಬರುವಾಗ ಒಬ್ಬರು ಹೋಗುವ ಶಿಫ್ಟು. ಕೂಸನ್ನು ನೋಡುವವರು ಇರಲಿಲ್ಲ. ನಮ್ಮತ್ತೆಯೇ ದಾರಿ ಹುಡುಕಿದರು. ಮಗು ಇಲ್ಲದ ಮನೆಯಲ್ಲಿ ಇನ್ನೊಬ್ಬರ ಮಗು ಆಡಿದರೆ ಆ ಮನೆಯವಳ ಹೊಟ್ಟೆಯಲ್ಲೂ ಮಗು ಆಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಈಗಲೂ ಇದೆ. ಅತ್ತೆಗೆ ಇಬ್ಬರು ಸೊಸೆಯರ ಕಷ್ಟವೂ ಒಂದೇ ಏಟಿಗೆ ಪರಿಹಾರವಾದಂತೆ ಕಂಡಿತು. ಜಗುಲಿಯ ಮೇಲೆ ಕೂತು ಎಲೆ ಮಡಚುತ್ತಾ ತೀರ್ಮಾನ ಕೊಟ್ಟರು.

"ಸ್ಕೂಲಿಗೆ ಸೇರ್ಸೋಗಂಟ ಕೂಸು ಇಲ್ಲೇ ಇರ್ಲಿ. ಆಮೇಲೆ ನೀವು ಕರ್ಕೊಂಡೋಗಿ."

ಸುನಂದ ತಲೆಯಾಡಿಸಿದಳು, ನಾನೂ ಆಡಿಸಿದೆ. ಮಗು ಇನ್ನೂ ನೆಟ್ಟಗೆ ನಿಲ್ಲುವುದನ್ನೇ ಕಲಿತಿರಲಿಲ್ಲ. ಸ್ಕೂಲು ಎನ್ನುವುದು ಆಗ ನಮಗೆಲ್ಲ ಇನ್ನೊಂದು ಜನ್ಮದಷ್ಟು ದೂರವಿತ್ತು.

ನನ್ನನ್ನು ಅವ್ವ ಎಂದು ಕರೆಯುವುದಕ್ಕೆ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಯಜಮಾನರು ಬೆಳಗಿನಿಂದ ಸಂಜೆಯವರೆಗೆ ತಮ್ಮ ತಾಯಿಯನ್ನು ಅವ್ವ, ಅವ್ವ ಎಂದು ಕರೆಯುತ್ತಿದ್ದರು. ಅನ್ನ ಹಾಕುವವಳಿಗೆ ಆ ಹೆಸರು ಎಂದು ಮಗು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿಕೊಂಡಿರಬೇಕು. ಒಂದು ದಿನ ನಾನು ರಾಗಿ ಕೇರುತ್ತಿದ್ದೆ, ಬೆನ್ನ ಮೇಲೆ ಬಂದು ಬಿದ್ದು ಕಿವಿಯ ಹತ್ತಿರ ಅವ್ವಾ ಎಂದಿತು. ಮೊರದ ರಾಗಿ ಅರ್ಧ ನೆಲಕ್ಕೆ ಹೋಯಿತು. ಅತ್ತೆ ಬೈದರು. ಎಷ್ಟೋ ವರ್ಷ ಬೈಸಿಕೊಂಡಿದ್ದೇನೆ, ಅಷ್ಟು ಸಿಹಿಯಾಗಿ ಯಾವತ್ತೂ ಬೈಸಿಕೊಂಡಿಲ್ಲ.

ಅದಾದ ಮೇಲೆ ನಾನು ಮಾಡಿದ ಒಂದು ಕೆಲಸಕ್ಕೆ ಊರೇ ನನ್ನನ್ನು ಬುದ್ಧಿಯಿಲ್ಲದವಳು ಎಂದಿತು. ದೊಡ್ಡಮಳೂರಿಗೆ ತೊಟ್ಟಿಲು ಒಪ್ಪಿಸಿಬಿಟ್ಟೆ. ಪೇಟೆಯಲ್ಲಿ ಅರಗಿನ ಬಣ್ಣ ಹಚ್ಚಿದ ಪುಟ್ಟ ಮರದ ತೊಟ್ಟಿಲು ಕೊಂಡು, ಮಗುವನ್ನು ಎತ್ತಿಕೊಂಡು, ಯಜಮಾನರ ಸ್ಕೂಟರಿನ ಹಿಂದೆ ಕೂತು ಹೋಗಿ, ಹರಕೆ ತೀರಿಸಿ ಬಂದೆ. ಹೊಟ್ಟೆಯಲ್ಲಿ ಮಗುವಾಗದೆಯೇ ಹರಕೆ ತೀರಿಸಿದವಳು ನಮ್ಮ ಸುತ್ತಮುತ್ತ ನಾನೊಬ್ಬಳೇ ಇರಬೇಕು. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು.

"ತೊಟ್ಲು ಒಪ್ಪುಸ್ಬುಟ್ಯಲ್ಲೇ. ಇವ್ಳಿಗೆ ಕೊಡೋದು ಕೊಟ್ಟಾಯ್ತು ಅಂತ ದೇವ್ರು ತಿಳ್ಕೊತಾನೆ. ಇನ್ನೊಂದ ಯಾಕ್ ಕೊಟ್ಟಾನು?"

ಇನ್ನೊಂದು ಕೊಡಲೂ ಇಲ್ಲ. ಅತ್ತೆ ಸಾಯುವವರೆಗೆ ಅದನ್ನೇ ಹೇಳುತ್ತಿದ್ದರು, ಊರಿನ ಹೆಂಗಸರು ಈಗಲೂ ನನ್ನ ಬೆನ್ನ ಹಿಂದೆ ಹೇಳುತ್ತಾರೆ. ನನಗೆ ಮಾತ್ರ ಯಾವತ್ತೂ ಹಾಗೆ ಅನ್ನಿಸಿಲ್ಲ. ಮಗು ಕೊಡಪ್ಪ ಎಂದು ಕೇಳಿದ್ದೆ, ಕೊಟ್ಟ. ಕೊಟ್ಟ ಮೇಲೆ ಅದು ಯಾರ ಹೊಟ್ಟೆಯ ಮೂಲಕ ಬಂತು ಎಂದು ಚೌಕಾಶಿ ಮಾಡುವುದು ದೇವರ ಹತ್ತಿರವೇ? ಎಷ್ಟು ದಿನಕ್ಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೇಳಿದ್ದವರು ನಮ್ಮತ್ತೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ವಾಸದ ಮನೆಯ ಪಕ್ಕದಲ್ಲೇ ಹುಳುಮನೆ. ಸಾಕುವವರಿಗೆ ಗೊತ್ತಿರುತ್ತದೆ, ಆ ಪ್ರಾಣಿಯದು ಬಲು ನಾಜೂಕು. ಹೂವಿನ ವಾಸನೆ ಆಗದು, ಪೌಡರ್ ಆಗದು, ಒಗ್ಗರಣೆಯ ಘಾಟೂ ಆಗದು. ಹೊರಗಿನವರು ಒಳಗೆ ಬರಲೇಕೂಡದು. ಮನೆಯವರೂ ಬಾಗಿಲಲ್ಲಿಟ್ಟ ಔಷಧದ ನೀರಿಗೆ ಕಾಲು ಅದ್ದಿಯೇ ಒಳಗೆ ಹೋಗಬೇಕು. ಅದರಲ್ಲೂ ಹುಳು ಪೊರೆ ಬಿಡುವ ಹೊತ್ತು, ಅದಕ್ಕೆ ನಾವು ಜ್ವರಕ್ಕೆ ಕೂರುವುದು ಎನ್ನುತ್ತೇವೆ, ಆಗ ನಮ್ಮತ್ತೆ ಬಾಗಿಲಲ್ಲಿ ಕಾವಲು ಕೂರುತ್ತಿದ್ದರು. ಚೈತ್ರ ಆ ನೀರಿನಲ್ಲಿ ಕಾಲು ಅದ್ದುವುದನ್ನು ಆಟದ ಹಾಗೆ ಕಲಿತಳು. ನಾನು ಸೊಪ್ಪು ಹಾಕುತ್ತಾ ತಟ್ಟೆಯಿಂದ ತಟ್ಟೆಗೆ ಹೋದರೆ ಅವಳು ನನ್ನ ಸೀರೆಯ ನೆರಿಗೆ ಹಿಡಿದು ಹಿಂದೆ ಹಿಂದೆ ಬರುವಳು. ಹುಳು ಸೊಪ್ಪು ಮೇಯುವ ಸದ್ದಿಗೆ ಕಿವಿಗೊಟ್ಟು, ಊಟ ಮಾಡ್ತಾವೆ, ಸುಮ್ಕಿರು ಎಂದು ನನಗೇ ಹೇಳುವಳು.

ಸುನಂದ ತಿಂಗಳಿಗೋ ಎರಡು ತಿಂಗಳಿಗೋ ಒಂದು ಭಾನುವಾರ ಬರುತ್ತಿದ್ದಳು. ಮಗಳನ್ನು ನೋಡುವುದಕ್ಕೆ ಬರುವ ತಾಯಿ ಹೇಗೆ ಬರುತ್ತಾಳೆ, ನೀವೇ ಹೇಳಿ. ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಬ್ಯಾಗಿನ ತುಂಬ ಬಿಸ್ಕತ್ತು ತುಂಬಿಕೊಂಡು ಬರುತ್ತಾಳೆ. ಒಂದು ಭಾನುವಾರ ಹಾಗೆಯೇ ಬಂದಳು. ಜಗುಲಿಯಲ್ಲಿ ಅವಳ ದನಿ ಕೇಳಿದ್ದೇ ತಡ, ಚೈತ್ರ ಓಡಿಬಂದು ನೀರಿಗೆ ಕಾಲು ಅದ್ದಿ ಹುಳುಮನೆಯೊಳಗೆ ನನ್ನ ಸೆರಗಿನ ಹಿಂದೆ ನಿಂತುಕೊಂಡಳು. ಹೂ ಮುಡಿದವರು ಅಲ್ಲಿಗೆ ಬರುವ ಹಾಗಿಲ್ಲ ಎಂಬುದು ಆ ಪುಟ್ಟ ತಲೆಗೆ ಗೊತ್ತಾಗಿತ್ತು. ಹುಳು ಜ್ವರಕ್ಕೆ ಕೂತಿದ್ದವು. ಅತ್ತೆ ಬಾಗಿಲಲ್ಲೇ ಸುನಂದಳನ್ನು ತಡೆದರು. ಅವಳು ಹಿಂದಕ್ಕೆ ಹೋಗಿ ಹೂ ತೆಗೆದಿಟ್ಟು, ನಲ್ಲಿಯಲ್ಲಿ ಮುಖ ಉಜ್ಜಿ ಉಜ್ಜಿ ತೊಳೆದು, ಒದ್ದೆ ಮುಖದಲ್ಲೇ ಬಂದು ಹೊಸ್ತಿಲಾಚೆ ಕೂತು, ಬಾ ಚಿನ್ನ ಎಂದು ಕೈ ಚಾಚಿದಳು.

ಚೈತ್ರ ಅವಳ ಕಡೆ ನೋಡಲಿಲ್ಲ. ನನ್ನನ್ನು ಕೇಳಿದಳು.

"ಅವ್ವ, ಹಾರೋಳ್ಳಿ ಆಂಟಿ ಯಾವಾಗ ಹೋಯ್ತದೆ?"

ನಾನು ತಟ್ಟೆಯಲ್ಲಿನ ಒಣಗಿದ ಎಲೆಗಳನ್ನು ಆರಿಸುವವಳ ಹಾಗೆ ಬಗ್ಗಿಕೊಂಡೆ. ಸುನಂದಳ ಮುಖ ಮೊದಲೇ ಒದ್ದೆಯಾಗಿತ್ತು, ಆದ್ದರಿಂದ ಅವಳು ಅತ್ತಳೋ ಇಲ್ಲವೋ ಗೊತ್ತಾಗಲಿಲ್ಲ. ಅದೂ ದೇವರು ಮಾಡಿದ ಉಪಕಾರವೇ, ಅವಳಿಗೂ ನನಗೂ.

ಸಂಜೆ ಅವಳ ಜೊತೆ ಬಸ್ ಸ್ಟಾಪಿನವರೆಗೆ ಹೋದೆ. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಅವಳು ನನ್ನ ಮುಖ ನೋಡದೆ ಹೇಳಿದಳು.

"ಅಕ್ಕ, ಸ್ಕೂಲಲ್ಲಿ ಮಿಸ್ಸು ನಿಮ್ಮಮ್ಮ ಯಾರು ಅಂತ ಕೇಳಿದ್ರೆ ಇವ್ಳು ಯಾರ್ ಹೆಸ್ರು ಹೇಳ್ತಾಳೆ?"

ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನೂ ನಾಲ್ಕು ಮಾತು ಆಡಬಹುದಿತ್ತು, ಸಾಕಿದವಳು ನಾನು ಎನ್ನಬಹುದಿತ್ತು. ಅವಳು ಜಗಳವಾಡಲಿಲ್ಲ. ಹಸಿದವಳು ಇನ್ನೊಬ್ಬರ ತಟ್ಟೆಯನ್ನು ನೋಡುವ ಹಾಗೆ ಕೇಳಿದಳು, ಬಸ್ಸು ಹತ್ತಿ ಹೋದಳು. ಮುಂದಿನ ಜೂನಿಗೆ ಮಗು ಸ್ಕೂಲಿಗೆ ಸೇರಬೇಕಾಗಿತ್ತು. ಮನೆಗೆ ವಾಪಸು ನಡೆದು ಬರುವಾಗ ನನಗೆ ಮೊದಲ ಬಾರಿಗೆ ಒಂದು ಮಾತು ಅರ್ಥವಾಯಿತು. ಮಗುವನ್ನು ವಾಪಸು ಕೊಡುವುದು ಬಟ್ಟೆಬರೆ ಕಟ್ಟಿ ಕಳಿಸಿದಷ್ಟಕ್ಕೆ ಮುಗಿಯುವುದಿಲ್ಲ. ಅವಳ ಬಾಯಲ್ಲಿರುವ ಆ ಹೆಸರನ್ನೂ ಕೊಡಬೇಕು. ಅದನ್ನು ನಾನೇ ಬಿಡಿಸಿ ಕೊಡಬೇಕು, ಬೇರೆ ಯಾರು ಬಿಡಿಸಿದರೂ ಮಗುವಿಗೆ ನೋವಾಗುತ್ತದೆ.

ಮೊದಮೊದಲು ಆಟದ ಹಾಗೆ ಶುರುಮಾಡಿದೆ. ಮಡಿಲಲ್ಲಿ ಕೂರಿಸಿಕೊಂಡು, ಹಾರೋಹಳ್ಳೀಲಿರೋದು ಯಾರು, ಅಮ್ಮ, ನಾನು ಯಾರು, ದೊಡ್ಡಮ್ಮ ಎಂದು ಹೇಳಿಕೊಡುವೆ. ಹೇಳಿಕೊಟ್ಟಷ್ಟು ಹೊತ್ತು ಹೇಳುವಳು. ಮಡಿಲಿಂದ ಇಳಿದದ್ದೇ ಅವ್ವ ಎನ್ನುವಳು. ನೀವು ಮಕ್ಕಳಿಗೆ ಅ ಆ ಇ ಈ ಕಲಿಸಿದ್ದರೆ ಗೊತ್ತಿರುತ್ತದೆ, ಕಲಿಸುವುದು ಕಷ್ಟವಲ್ಲ. ಕಲಿತದ್ದನ್ನು ಬಿಡಿಸುವುದಕ್ಕೆ ಯಾವ ಸ್ಕೂಲಿನಲ್ಲೂ ಪಾಠವಿಲ್ಲ. ಆಮೇಲೆ ನಾನು ಅವ್ವ ಎಂದರೆ ತಿರುಗುವುದನ್ನು ಬಿಟ್ಟೆ. ಅವ್ವ ನೀರು ಎನ್ನುವಳು, ನನಗೆ ಕೇಳಿಸದು. ಅವ್ವ, ಅವ್ವ ನೀರು ಎನ್ನುವಳು, ನಾನು ಒಲೆಯ ಕಡೆ ನೋಡುತ್ತಾ ನಿಲ್ಲುವೆ. ಯಜಮಾನರು ಎದ್ದು ಹೊರಗೆ ಹೋಗಿಬಿಡುವರು. ಕೊನೆಗೆ ಮಗು ಬೇರೆ ದನಿಯಲ್ಲಿ, ದೊಡ್ಡಮ್ಮ, ನೀರು ಎನ್ನುವಳು. ಆಗ ಕೊಡುವೆ. ಕುಡಿದು ಲೋಟ ವಾಪಸು ಕೊಡುತ್ತಾ, ಸರಿಯಾಗಿ ಹೇಳಿದೆನಾ ಎಂಬಂತೆ ನನ್ನ ಮುಖ ನೋಡುವಳು. ಜಾಣೆ ಎನ್ನುತ್ತಿದ್ದೆ.

ಯುಗಾದಿ ಕಳೆಯುವಷ್ಟರಲ್ಲಿ ಬಿಟ್ಟೇಬಿಟ್ಟಳು. ಕೆಲವು ಸಲ ನಿದ್ದೆಗಣ್ಣಿನಲ್ಲಿ ಬರುತ್ತಿತ್ತು, ಆಮೇಲೆ ಅಲ್ಲೂ ಬರಲಿಲ್ಲ.

ಸ್ಕೂಲು ತೆರೆಯುವ ಹಿಂದಿನ ದಿನ ನಾನೇ ಅವಳನ್ನು ಕರೆದುಕೊಂಡು ಹಾರೋಹಳ್ಳಿಗೆ ಹೊರಟೆ. ಮನೆಯಲ್ಲಿ ಹುಳು ಹಣ್ಣಾಗುವ ಹೊತ್ತು, ಅವನ್ನು ಗೂಡು ಕಟ್ಟಲು ಚಂದ್ರಂಕಿಯ ಬಿದಿರು ತಟ್ಟಿಗೆ ಬಿಡಬೇಕು, ಎರಡು ಕೈ ಕಡಿಮೆಯಾದರೆ ಕಷ್ಟ. ಆದರೂ ಅತ್ತೆ ಗೊಣಗಲಿಲ್ಲ. ಚೈತ್ರ ಸ್ಕೂಲಿಗೆಂದು ನಾನು ಕೊಡಿಸಿದ್ದ ಹಳದಿ ರೈನ್‌ಕೋಟನ್ನು ಹೊಂಗನೂರಿನಲ್ಲೇ ಹಾಕಿಕೊಂಡು, ಟೋಪಿಯನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ಸುಡುವ ಬಿಸಿಲು. ಕಂಡಕ್ಟರು, ಏನಮ್ಮಣ್ಣಿ ಮಳೆಯನ್ನು ಜೊತೆಗೇ ಕರೆದುಕೊಂಡು ಹೊರಟೆಯಾ ಎಂದರೆ, ಮಳೆ ಹಾರೋಳ್ಳೀಲೈತೆ ಎಂದಳು. ರಾಮನಗರ ದಾಟಿ ಕನಕಪುರದವರೆಗೆ ನನ್ನ ಮಡಿಲಲ್ಲೇ ಬೆವೆತುಕೊಂಡು ನಿದ್ದೆ ಮಾಡಿದಳು. ಆ ಪ್ಲಾಸ್ಟಿಕ್ಕಿನ ವಾಸನೆ ನನ್ನ ಸೀರೆಗೆಲ್ಲ ಹತ್ತಿತ್ತು. ತೆಗೆಯೋಣ ಎಂದು ಗುಂಡಿಗೆ ಕೈ ಹಾಕಿ, ಎಚ್ಚರವಾದೀತು ಎಂದು ಸುಮ್ಮನಾದೆ.

ಮೊದಲ ದಿನ ಸ್ಕೂಲಿಗೆ ಬಿಡುವುದು ಸುನಂದಳ ಹಕ್ಕು. ಅವಳು ಮಾತ್ರ, ರಜೆ ಸಿಕ್ಕಲಿಲ್ಲ ಅಕ್ಕ, ನೀನೇ ಬಿಟ್ಟು ಬಾ ಎಂದಳು. ಫ್ಯಾಕ್ಟರಿಯ ವ್ಯಾನು ಬೆಳಿಗ್ಗೆ ಬೇಗನೆ ಬಂದು ಅವಳನ್ನು ಕರೆದುಕೊಂಡು ಹೋಯಿತು. ಹೋಗುವ ಮುಂಚೆ ಮಲಗಿದ್ದ ಮಗುವಿನ ಪಾದ ಮುಟ್ಟಿ ಹೋದಳು. ನಿಜವಾಗಿಯೂ ರಜೆ ಸಿಕ್ಕಲಿಲ್ಲವೋ, ನನಗೆ ಅದೊಂದು ಬೆಳಗನ್ನು ಬಿಟ್ಟುಕೊಟ್ಟಳೋ, ನಾನು ಕೇಳಿಲ್ಲ. ಕೆಲವು ಉಪಕಾರಗಳನ್ನು ಕೇಳಿ ತಿಳಿದುಕೊಳ್ಳಬಾರದು.

ಸ್ಕೂಲು ಅವರ ಕೋಣೆಯಿಂದ ಎರಡು ಬೀದಿ ಆಚೆ. ಗೇಟಿನ ಮುಂದೆ ಸಂತೆಯ ಗದ್ದಲ. ಮಕ್ಕಳು ತಾಯಂದಿರ ಕುತ್ತಿಗೆಗೆ ಜೋತುಬಿದ್ದು ಕಿರಿಚುತ್ತಿದ್ದವು, ಒಂದು ಹುಡುಗ ಗೇಟಿನ ಸರಳು ಹಿಡಿದುಕೊಂಡು ಯಾರು ಎಳೆದರೂ ಬರುತ್ತಿರಲಿಲ್ಲ. ಅವಳು ಅತ್ತರೆ ಹೇಗೆ ಬಿಟ್ಟು ಬರಲಿ ಎಂದು ಒಂದು ಮನಸ್ಸು. ಅಳಲಿ, ಒಂದೇ ಒಂದು ಸಲ ನನ್ನ ಕುತ್ತಿಗೆಗೆ ಜೋತುಬೀಳಲಿ ಎಂದು ಇನ್ನೊಂದು ಮನಸ್ಸು. ದೇವರಿಗೆ ಯಾವುದನ್ನು ಕೇಳಿಕೊಳ್ಳಬೇಕೋ ತೋಚದೆ ಸುಮ್ಮನೆ ಕೃಷ್ಣಾ ಎನ್ನುತ್ತಾ ನಿಂತಿದ್ದೆ.

ವಯಸ್ಸಾದ ಒಬ್ಬ ಮಿಸ್ಸು ಬಂದು ಅವಳ ಗಲ್ಲ ಹಿಡಿದು, ಏನಮ್ಮ ನಿನ್ನ ಹೆಸರು, ಅಮ್ಮನಿಗೆ ಟಾಟಾ ಮಾಡು ಎಂದರು. ನಾನು ಬಾಯಿ ತೆರೆಯುವ ಮೊದಲೇ ಚೈತ್ರ ತಿದ್ದಿದಳು.

"ಅಮ್ಮ ಕೆಲ್ಸಕ್ಕೆ ಹೋಗೈತೆ. ಇದು ನಮ್ಮ ದೊಡ್ಡಮ್ಮ."

ಹೇಳಿ, ನೀರು ಕುಡಿದು ಲೋಟ ಕೊಡುವಾಗ ನೋಡುತ್ತಿದ್ದಳಲ್ಲ, ಅದೇ ನೋಟದಲ್ಲಿ ನನ್ನ ಕಡೆ ನೋಡಿದಳು. ಸರಿಯಾಗಿ ಹೇಳಿದೆನಾ ಎಂದು. ನಾನು ತಲೆಯಾಡಿಸಿದೆ. ಜಾಣೆ ಎನ್ನುವ ಬದಲು ಅವಳ ಬ್ಯಾಗಿನ ಪಟ್ಟಿಯನ್ನು ಸರಿಮಾಡಿದೆ. ದೊಡ್ಡಮ್ಮ ಹೋಗ್ಬತ್ತೀನಿ ಎಂದು ಮಿಸ್ಸಿನ ಕೈ ಹಿಡಿದು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ಸ್ಕೂಲಿನ ಹೊಸ್ತಿಲು ದಾಟುವ ಮೊದಲೇ ಅವಳು ಕಲಿಯಬೇಕಾದ್ದನ್ನೆಲ್ಲ ಕಲಿತಿದ್ದಳು. ಪಕ್ಕದಲ್ಲಿದ್ದ ಒಬ್ಬ ತಾಯಿ ಕಣ್ಣೊರೆಸಿಕೊಳ್ಳುತ್ತಾ, ನೀವೇ ಪುಣ್ಯವಂತರು ಕಣಮ್ಮ, ನಿಮ್ಮದು ಅಳಲೇ ಇಲ್ಲ ಎಂದರು.

ಮಧ್ಯಾಹ್ನ ಸ್ಕೂಲು ಬಿಡುವಾಗ ಪಕ್ಕದ ಮನೆಯವರು ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಅಷ್ಟರೊಳಗೆ ನಾನು ಹೊರಡಬೇಕು. ನಾನಿದ್ದರೆ ಅವಳು ನನ್ನ ಜೊತೆ ಊರಿಗೆ ಹೊರಡುತ್ತಾಳೆ. ಇಲ್ಲ, ಹೊರಡದೇ ಹೋದರೆ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಕನಕಪುರದಲ್ಲಿ ಇಳಿದು ರಾಮನಗರದ ಬಸ್ಸು ಹತ್ತಿ ಕೂತ ಮೇಲೆ ನೋಡಿಕೊಳ್ಳುತ್ತೇನೆ, ಬರುವಾಗಿನ ಹಾಗೆಯೇ ಸೆರಗನ್ನು ಮಡಿಲಿಗೆ ಹರಡಿ ಮಗುವಿಗೆ ಜಾಗ ಮಾಡಿಕೊಂಡು ಕೂತಿದ್ದೇನೆ. ಬಸ್ಸು ತುಂಬಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ, ಒಸಿ ಇಟ್ಕೊ ತಾಯಿ ಎಂದು ತನ್ನ ಸೊಪ್ಪಿನ ಗಂಟನ್ನು ನನ್ನ ಮಡಿಲಿಗೆ ಹಾಕಿದಳು. ರಾಮನಗರದವರೆಗೆ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಂದೆ. ಅಜ್ಜಿ ಇಳಿಯುವಾಗ ಗಂಟು ಬಿಡಿಸಿಕೊಳ್ಳಲು ಕೊಂಚ ಎಳೆಯಬೇಕಾಯಿತು. ಮಲಗುವ ಮುಂಚೆ ದೇವರ ಮುಂದೆ ಅವತ್ತಿನ ಉಪಕಾರಗಳನ್ನು ಹೇಳಿಕೊಳ್ಳುವುದು ನನ್ನ ಅಭ್ಯಾಸ. ಆ ದಿನ ಹೇಳಿಕೊಂಡೆ: ಮಳೆ ಬರಲಿಲ್ಲ, ಕೂರುವುದಕ್ಕೆ ಸೀಟು ಸಿಕ್ಕಿತು, ಮಗು ಅಳಲಿಲ್ಲ, ಮಡಿಲಿಗೆ ನೀನು ಒಂದು ಗಂಟು ಕೊಟ್ಟೆ. ಅಷ್ಟು ಹೇಳಿ ನಿಲ್ಲಿಸಿದೆ.

ಯಜಮಾನರ ಮಾತು ಹೇಳುವುದು ಮರೆತೆ. ಮನೆಗೆ ಬಂದಾಗ ಅವರು ಅತ್ತಳಾ ಎಂದು ಕೇಳಿದರು. ಇಲ್ಲ ಎಂದೆ. ಒಳ್ಳೇದಾಯ್ತು ಎಂದು ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದರು. ಸಂಜೆ ತಲೆಯ ಮೇಲೆ ಹೊರಲಾರದಷ್ಟು ಹಿಪ್ಪುನೇರಳೆ ಸೊಪ್ಪು ಹೊತ್ತು ತಂದು ಅಂಗಳಕ್ಕೆ ಹಾಕಿದರು. ಹುಳುವೆಲ್ಲ ಆಗಲೇ ಚಂದ್ರಂಕಿ ಹತ್ತಿ ಗೂಡು ಕಟ್ಟುತ್ತಿದ್ದವು. ಗೂಡು ಕಟ್ಟುವ ಹುಳು ಸೊಪ್ಪು ಮುಟ್ಟುವುದಿಲ್ಲ. ನಡೆಯಲು ಕಲಿತ ದಿನದಿಂದ ಹುಳು ಸಾಕಿದ ಮನುಷ್ಯ ಅದನ್ನು ಮರೆಯುವುದೆಂದರೇನು. ಅತ್ತೆ ಸೊಪ್ಪನ್ನೂ ಮಗನನ್ನೂ ನೋಡಿದರು.

"ಯಾರಿಗಪ್ಪ ಇದು?"

ಅವರು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಕಾಲು ತೊಳೆಯಲು ಹೋದರು. ಅತ್ತೆ ಎದ್ದು ಹೋಗಿ ಸೊಪ್ಪನ್ನು ಆಡುಗಳ ಮುಂದೆ ಹರಡಿದರು.

ಆಮೇಲಿನದೆಲ್ಲ ಎಲ್ಲರ ಮನೆಯ ಹಾಗೆಯೇ. ದಸರಾ ರಜೆಗೆ, ಬೇಸಿಗೆ ರಜೆಗೆ ಬರುವಳು. ಬಂದವಳು ದೊಡ್ಡಮ್ಮ, ದೊಡ್ಡಮ್ಮ ಎಂದು ಹಿಂದೆ ಮುಂದೆ ಸುತ್ತುವಳು. ವರ್ಷ ಕಳೆದಂತೆ ನೀನು ಎನ್ನುತ್ತಿದ್ದದ್ದು ನೀವು ಆಯಿತು. ಹೈಸ್ಕೂಲಿಗೆ ಬಂದಾಗ ಒಮ್ಮೆ ನಮ್ಮ ಹುಳುಮನೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿ, ಚಿಕ್ಕವಳಿದ್ದಾಗ ನಾನು ಇಲ್ಲಿಗೆಲ್ಲ ಬರುತ್ತಿದ್ದೆನಾ ಎಂದು ಕೇಳಿದಳು. ಸ್ಕೂಲಿಗೆ ಮುಂಚಿನದು ಅವಳಿಗೆ ಒಂದಿಷ್ಟೂ ನೆನಪಿಲ್ಲ. ಯಾವ ಮಗುವಿಗೆ ತಾನೇ ಇರುತ್ತದೆ. ನೀರಿಗಾಗಿ ಕರೆದಾಗ ನಾನು ತಿರುಗದೆ ನಿಂತದ್ದು ನೆನಪಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದೆ. ಅದರ ಜೊತೆಗೆ ಬೆನ್ನ ಮೇಲೆ ಬಂದು ಬಿದ್ದದ್ದೂ ಹೋಗಿತ್ತು. ಒಂದನ್ನು ಮರೆಸಿ ಇನ್ನೊಂದನ್ನು ಉಳಿಸು ಎಂದು ಕೇಳುವುದಕ್ಕೆ ಬರುವುದಿಲ್ಲ. ಸುನಂದ ಮತ್ತು ನಾನು ಎಷ್ಟೋ ಹಬ್ಬಗಳಲ್ಲಿ ಜೊತೆಗೆ ಕೂತು ಒಬ್ಬಟ್ಟು ತಟ್ಟಿದ್ದೇವೆ, ಮದುವೆಯಲ್ಲಿ ಚೈತ್ರಳನ್ನು ಜೊತೆಗೆ ನಿಂತು ಮಾಗಡಿಗೆ ಕಳಿಸಿದ್ದೇವೆ. ಈ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಇದನ್ನೆಲ್ಲ ಯೋಚಿಸುತ್ತಾ ಅನ್ನಕ್ಕೆ ಇಟ್ಟು ಕೂತಿದ್ದೆ, ಫೋನು ಬಂತು. ಚೈತ್ರ. ಊಟಕ್ಕೆ ಉಪ್ಪಿನಕಾಯಿ ನಂಜಿಕೊಂಡ ಹಾಗೆ ಮಾತು ಮಾತಿಗೂ ದೊಡ್ಡಮ್ಮ ಎನ್ನುವುದು ಅವಳ ಅಭ್ಯಾಸ. ಇವತ್ತು ದನಿ ಕಟ್ಟಿತ್ತು. ಸ್ಕೂಲಿನ ಎದುರು ಮರದ ಕೆಳಗೆ ಕೂತಿದ್ದೇವೆ, ಅಮ್ಮನೂ ಬಂದಿದ್ದಾಳೆ, ಸಿರಿಯನ್ನು ಬಿಡುವುದನ್ನೇ ಕಾಯುತ್ತಿದ್ದೇವೆ ಎಂದಳು.

"ಅವ್ಳು ಒಂದು ಹನಿ ಕಣ್ಣೀರು ಹಾಕ್ಲಿಲ್ಲ ದೊಡ್ಡಮ್ಮ. ತಿರುಗಿ ಸೈತ ನೋಡ್ಲಿಲ್ಲ. ನಂಗೇ ತಡ್ಕೊಳ್ಳೋಕೆ ಆಗ್ತಾ ಇಲ್ಲ ದೊಡ್ಡಮ್ಮ. ಇದೇನು ಹುಚ್ಚು?"

ಹುಚ್ಚಲ್ಲ, ಅತ್ತುಬಿಡು ಎಂದೆ. ಇಬ್ಬರಲ್ಲಿ ಒಬ್ಬರಾದರೂ ಅಳಬೇಕಲ್ಲ, ಮಗು ಅಳದಿದ್ದರೆ ತಾಯಿ ಅಳಬೇಕು ಎಂದೆ. ಅವಳು ಮೂಗೊರೆಸಿಕೊಂಡು ನಕ್ಕಳು. ನಾನು ಅತ್ತಿದ್ದೆನಾ ಎಂದು ಕೇಳಿದಳು. ನೀನೂ ಅಳಲಿಲ್ಲ ಎಂದೆ. ಹಾಗಾದರೆ ಅವತ್ತು ಯಾರು ಅತ್ತರು ಎಂದಳು. ನಾನು ಅನ್ನ ಉಕ್ಕುತ್ತಿದೆ, ತಡಿ ಎಂದೆ. ಅನ್ನ ಉಕ್ಕುತ್ತಿರಲಿಲ್ಲ.

"ದೊಡ್ಡಮ್ಮ, ಆವಾಗ ನಾನು ನಿಮ್ಮನ್ನ ಏನಂತ ಕರೀತಿದ್ದೆ?"

ಯಾಕೆ ಕೇಳಿದಳೋ ಗೊತ್ತಿಲ್ಲ. ಅವಳು ಫೋನನ್ನು ಸ್ಪೀಕರಿನಲ್ಲಿಟ್ಟಿದ್ದಳು. ಆ ಕಡೆ ಸುನಂದ ಕೆಮ್ಮಿದ್ದೂ ನನಗೆ ಕೇಳಿಸುತ್ತಿತ್ತು. ನಾನು ಹೇಳುವುದು ಅವಳಿಗೂ ಕೇಳಿಸುತ್ತದೆ. ಎಷ್ಟೋ ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಆ ಒಂದು ಹೆಸರು ನಾಲಿಗೆ ತುದಿಗೆ ಬಂತು. ಮೊಮ್ಮಗಳ ಮೊದಲ ದಿನ ಆ ತಾಯಿಯ ಹೊಟ್ಟೆ ಉರಿಸಲೇ?

"ದೊಡ್ಡಮ್ಮ ಅಂತಾನೇ ಕರೀತಿದ್ದೆ ಕಣವ್ವ, ಇನ್ನೇನು," ಎಂದೆ.

ಆಮೇಲೆ ಸುನಂದಳ ದನಿ ಹತ್ತಿರ ಬಂತು.

"ಸುಳ್ಳು ಯಾಕ್ ಹೇಳ್ತೀಯ ಅಕ್ಕ. ಅವ್ವ ಅಂತಿದ್ದೆ ಕಣೇ ಚೈತು, ಅವ್ಳನ್ನ. ನಾನು ಬಂದ್ರೆ ಅವ್ಳ ಸೆರಗ ಹಿಂದೆ ಅವಿತ್ಕೊತಿದ್ದೆ. ನಂಗೆ ಹಾರೋಳ್ಳಿ ಆಂಟಿ ಅಂತಿದ್ದೆ."

ಕೊನೆಯ ಮಾತಿಗೆ ಅವಳು ನಗಲು ನೋಡಿದಳು, ಆಗಲಿಲ್ಲ. ಚೈತ್ರ ಬಹಳ ಮೆಲ್ಲಗೆ ಕೇಳಿದಳು.

"ಆಮೇಲೆ ಬಿಡ್ಸಿದ್ದು ಯಾರು?"

"ನಾನು," ಎಂದೆ. ಅದೇ ಗಳಿಗೆಗೆ ಆ ಕಡೆಯಿಂದ ಸುನಂದಳೂ "ನಾನು" ಎಂದಳು. ಎರಡೂ ಒಂದರ ಮೇಲೊಂದು ಬಿದ್ದವು.

ಅಷ್ಟರಲ್ಲಿ ಸ್ಕೂಲಿನ ಗಂಟೆ ಹೊಡೆಯಿತು. ಮಕ್ಕಳ ಗದ್ದಲ, ಯಾರೋ ಯಾರನ್ನೋ ಕೂಗುವುದು, ಸುನಂದ ಅಗೋ ಸಿರಿ ಬಂದಳು ಎನ್ನುವುದು ಎಲ್ಲ ಒಟ್ಟಿಗೆ ಕೇಳಿಸಿತು. ಚೈತ್ರ ಎದ್ದಿರಬೇಕು, ಏದುಸಿರು ಕೇಳಿಸಿತು. ಬಿಟ್ರು, ಆಮೇಲೆ ಮಾಡ್ತೀನಿ ಎಂದಳು. ಎಂದು ಒಂದು ಕ್ಷಣ ನಿಂತಳು. ಅಲ್ಲಿ ದೊಡ್ಡಮ್ಮ ಎಂಬ ಮಾತು ಬರಬೇಕಾಗಿತ್ತು, ಯಾವಾಗಲೂ ಬರುತ್ತದೆ. ಇವತ್ತು ಬರಲಿಲ್ಲ. ಬೇರೆ ಯಾವ ಮಾತೂ ಬರಲಿಲ್ಲ. ಆ ಜಾಗವನ್ನು ಹಾಗೇ ಖಾಲಿ ಬಿಟ್ಟು ಫೋನು ಇಟ್ಟಳು.

ಯಜಮಾನರು ತೋಟದಿಂದ ಬಂದು, ಏನಂತೆ, ಮಗು ಅತ್ತಿತಾ ಎಂದು ಕೇಳಿದರು. ಇಲ್ಲವಂತೆ ಎಂದೆ. ಮತ್ತೆ ನೀನು ಯಾಕೆ ಅಳುತ್ತಿದ್ದೀಯ ಎಂದರು. ನೀವು ಕೈಕಾಲು ತೊಳೆದು ಬನ್ನಿ, ಹೇಳುತ್ತೇನೆ ಎಂದೆ.